ಪಿಎಚ್‌ಸಿಗೂ ಜಿಲ್ಲಾಸ್ಪತ್ರೆಗೂ ನಡುವಿನ ಮೂವತ್ತು ಹಾಸಿಗೆ

ರಾತ್ರಿ ಗದ್ದೆಗೆ ನೀರು ಕಟ್ಟಲು ಹೋದವರಿಗೆ ಹಾವು ಕಚ್ಚಿತು ಅಂತಿಟ್ಟುಕೊಳ್ಳಿ. ಪ್ರಾಥಮಿಕ ಆರೋಗ್ಯ ಕೇಂದ್ರ ಆರು ಕಿಲೋಮೀಟರ್ ದೂರದಲ್ಲಿದೆ, ಆದರೆ ಈ ಹೊತ್ತಿನಲ್ಲಿ ಅಲ್ಲಿ ಡಾಕ್ಟರಿಲ್ಲ. ಹೋಬಳಿ ಊರಿನ ಸಮುದಾಯ ಆರೋಗ್ಯ ಕೇಂದ್ರ ಹದಿನೈದು ಕಿಲೋಮೀಟರ್. ತಾಲ್ಲೂಕು ಆಸ್ಪತ್ರೆ ಮೂವತ್ತೈದು, ಜಿಲ್ಲಾಸ್ಪತ್ರೆ ಎಂಬತ್ತು. ಮನೆಯವರು ಎಲ್ಲಿಗೆ ಓಡಬೇಕು?

ಬಹಳಷ್ಟು ಜನ "ದೊಡ್ಡಾಸ್ಪತ್ರೆಗೇ ಹೋಗಿಬಿಡೋಣ" ಅನ್ನುತ್ತಾರೆ. ಅವರದ್ದು ತಪ್ಪು ಅನ್ನಲು ಮನಸ್ಸು ಬರುವುದಿಲ್ಲ. ಒಂದು ಆಸ್ಪತ್ರೆಯಿಂದ ಇನ್ನೊಂದಕ್ಕೆ, ಅಲ್ಲಿಂದ ಮತ್ತೊಂದಕ್ಕೆ ಅಲೆದು ಸುಸ್ತಾದವರು ಪ್ರತಿ ಊರಿನಲ್ಲೂ ಇದ್ದಾರೆ. ಆದರೂ ಇಂಥ ಹೊತ್ತಿನಲ್ಲಿ ಸರಿಯಾದ ಉತ್ತರ ಆ ಹದಿನೈದು ಕಿಲೋಮೀಟರ್ ದೂರದ ಆಸ್ಪತ್ರೆ ಆಗಿರಬೇಕಿತ್ತು. ಅದಕ್ಕೇ ಅಂತಲೇ ಅದನ್ನು ಕಟ್ಟಿದ್ದು. ಕೆಲವು ಕಡೆ ಅದು ಹಾಗೆಯೇ ನಡೆಯುತ್ತಿದೆ, ಇನ್ನು ಕೆಲವು ಕಡೆ ನಡೆಯುತ್ತಿಲ್ಲ. ಯಾಕೆ ಅಂತ ತಿಳಿಯಲು ನಮ್ಮ ಸರ್ಕಾರಿ ಆಸ್ಪತ್ರೆಗಳನ್ನು ಒಂದಕ್ಕೊಂದು ಹೇಗೆ ಜೋಡಿಸಿದ್ದಾರೆ ಅಂತ ನೋಡಬೇಕು.

ಯಾವ ಹಂತದಲ್ಲಿ ಏನಿದೆ

ಎಲ್ಲಕ್ಕಿಂತ ಕೆಳಗೆ ಉಪಕೇಂದ್ರ. ಬಯಲುಸೀಮೆಯಲ್ಲಿ 5,000 ಜನಕ್ಕೆ ಒಂದು, ಗುಡ್ಡಗಾಡು ಮತ್ತು ಬುಡಕಟ್ಟು ಪ್ರದೇಶದಲ್ಲಿ 3,000ಕ್ಕೆ ಒಂದು. ಲಸಿಕೆ, ಬಸುರಿಯರ ತಪಾಸಣೆ, ಬಿಪಿ-ಶುಗರ್ ಪರೀಕ್ಷೆ ಇಲ್ಲಿಂದ ಶುರು. ಆಶಾ ಕಾರ್ಯಕರ್ತೆಯರು ಮನೆಮನೆಗೆ ಹೋಗಿ ಬರುವುದು ಇದರ ಜೊತೆಗೂಡಿಯೇ. ಅದರ ಮೇಲೆ ಪ್ರಾಥಮಿಕ ಆರೋಗ್ಯ ಕೇಂದ್ರ, ಅಂದರೆ ಪಿಎಚ್‌ಸಿ. 30,000 ಜನಕ್ಕೆ ಒಂದು, ಗುಡ್ಡಗಾಡಿನಲ್ಲಿ 20,000ಕ್ಕೆ. ಒಬ್ಬ ಎಂಬಿಬಿಎಸ್ ಡಾಕ್ಟರು, ನಾಲ್ಕಾರು ಹಾಸಿಗೆ.

ಇಂಥ ನಾಲ್ಕು ಪಿಎಚ್‌ಸಿಗಳಿಗೆ ಒಂದು ಸಮುದಾಯ ಆರೋಗ್ಯ ಕೇಂದ್ರ ಇರಬೇಕು ಅನ್ನೋದು ಲೆಕ್ಕ. 1,20,000 ಜನಕ್ಕೆ ಒಂದು, ಗುಡ್ಡಗಾಡಿನಲ್ಲಿ 80,000ಕ್ಕೆ. ಸಿಎಚ್‌ಸಿ ಅಂತ ಕರೆಯುವುದು ಇದನ್ನೇ. 30 ಹಾಸಿಗೆ, ಆಪರೇಷನ್ ಥಿಯೇಟರ್, ಲೇಬರ್ ರೂಮ್, ಎಕ್ಸ್‌ರೇ, ಲ್ಯಾಬ್. ಎಲ್ಲಕ್ಕಿಂತ ಮುಖ್ಯವಾದದ್ದು ತಜ್ಞ ವೈದ್ಯರು. ಹಳ್ಳಿಯಿಂದ ಹೊರಟ ರೋಗಿಗೆ ಎಂಬಿಬಿಎಸ್ ಡಾಕ್ಟರನ್ನು ದಾಟಿ ಮೊದಲ ಸಲ ಸರ್ಜನ್, ಫಿಸಿಶಿಯನ್, ಸ್ತ್ರೀರೋಗ ತಜ್ಞರು, ಮಕ್ಕಳ ತಜ್ಞರು ಸಿಗಬೇಕಾದ ಜಾಗ ಇದು. ಅರಿವಳಿಕೆ ತಜ್ಞರೂ ಬೇಕು. ಅವರಿಲ್ಲದಿದ್ದರೆ ಸರ್ಜನ್ ಇದ್ದೂ ಉಪಯೋಗವಿಲ್ಲ.

ಇದರ ಮೇಲೆ ಸಾಮಾನ್ಯವಾಗಿ 100 ಹಾಸಿಗೆಯ ತಾಲ್ಲೂಕು ಆಸ್ಪತ್ರೆ, ಆಮೇಲೆ ಜಿಲ್ಲಾಸ್ಪತ್ರೆ, ಕೊನೆಗೆ ಮೆಡಿಕಲ್ ಕಾಲೇಜು ಆಸ್ಪತ್ರೆ ಮತ್ತು ಜಯದೇವ, ಕಿದ್ವಾಯಿ, ನಿಮ್ಹಾನ್ಸ್‌ನಂಥ ಸಂಸ್ಥೆಗಳು.

ಹೀಗೆ ಹಂತಹಂತವಾಗಿ ಕಟ್ಟುವ ಯೋಚನೆ ಹಳೆಯದು. 1946ರಲ್ಲಿ ವರದಿ ಕೊಟ್ಟ ಭೋರ್ ಸಮಿತಿ ಇಡೀ ದೇಶಕ್ಕೆ ಇಂಥ ನಕ್ಷೆ ಹಾಕಿಕೊಟ್ಟಿತು. ಅದಕ್ಕೂ ಮೊದಲೇ, 1930ರ ದಶಕದಲ್ಲಿ, ಆಗ ಕ್ಲೋಸ್‌ಪೇಟೆ ಅನ್ನುತ್ತಿದ್ದ ಇವತ್ತಿನ ರಾಮನಗರದಲ್ಲಿ ಮೈಸೂರು ಸರ್ಕಾರ ರಾಕ್‌ಫೆಲರ್ ಫೌಂಡೇಶನ್ ನೆರವಿನಿಂದ ಹಳ್ಳಿಗಳಿಗಾಗಿ ಆರೋಗ್ಯ ಕೇಂದ್ರ ನಡೆಸಿತ್ತು. 2005ರಲ್ಲಿ ರಾಷ್ಟ್ರೀಯ ಗ್ರಾಮೀಣ ಆರೋಗ್ಯ ಅಭಿಯಾನ ಬಂತು. ಯಾವ ಹಂತದಲ್ಲಿ ಎಷ್ಟು ಜನ, ಯಾವ ಯಂತ್ರ, ಯಾವ ಔಷಧಿ ಇರಬೇಕು ಅಂತ ದೇಶಕ್ಕೆಲ್ಲ ಒಂದೇ ಮಾನದಂಡ ಬರೆದದ್ದು ಅದರ ನಂತರ.

ಹಾವು ಕಚ್ಚಿದಾಗ ಆಗಬೇಕಾದದ್ದು

ಈಗ ಆ ಗದ್ದೆಯವರ ವಿಷಯಕ್ಕೆ ಬರೋಣ. ನಮ್ಮಲ್ಲಿ ಜಾಸ್ತಿ ಸಾವಿಗೆ ಕಾರಣವಾಗುವ ಹಾವುಗಳು ನಾಲ್ಕು: ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ. ದೇಶದಲ್ಲಿ ತಯಾರಾಗುವ ವಿಷನಿರೋಧಕ ಚುಚ್ಚುಮದ್ದು ಈ ನಾಲ್ಕಕ್ಕೂ ಸೇರಿಯೇ ಇರುತ್ತದೆ. ಹಾಗಾಗಿ ಯಾವ ಹಾವು ಅಂತ ಹುಡುಕಿ, ಹೊಡೆದು, ಚೀಲದಲ್ಲಿ ಹಾಕಿಕೊಂಡು ಬರುವ ಅಗತ್ಯವೇ ಇಲ್ಲ.

ಸಿಎಚ್‌ಸಿಯ ಡ್ಯೂಟಿ ಡಾಕ್ಟರು ಮೊದಲು ರೋಗಿಯ ರೆಪ್ಪೆ ನೋಡುತ್ತಾರೆ. ರೆಪ್ಪೆ ಜೋತು ಬಿದ್ದಿದ್ದರೆ, ಮಾತು ತೊದಲುತ್ತಿದ್ದರೆ ವಿಷ ನರಕ್ಕೆ ಏರಿದೆ ಅಂತ ಅರ್ಥ. ಆಮೇಲೆ ಒಂದು ಪರೀಕ್ಷೆ. ಅದಕ್ಕೆ ದೊಡ್ಡ ಯಂತ್ರವೇನೂ ಬೇಡ. ಒಣಗಿದ, ಶುಭ್ರವಾದ ಗಾಜಿನ ಟ್ಯೂಬಿಗೆ ಎರಡು ಮಿಲಿಲೀಟರ್‌ನಷ್ಟು ರಕ್ತ ಹಾಕಿ, ಅಲುಗಾಡಿಸದೆ 20 ನಿಮಿಷ ಇಡುತ್ತಾರೆ. ಆಮೇಲೆ ಮೆಲ್ಲಗೆ ವಾಲಿಸಿ ನೋಡುತ್ತಾರೆ. ರಕ್ತ ಹೆಪ್ಪುಗಟ್ಟಿದ್ದರೆ ಸದ್ಯಕ್ಕೆ ಸಮಾಧಾನ, ಆದರೂ ಮತ್ತೆ ಮತ್ತೆ ಪರೀಕ್ಷೆ ಮಾಡುತ್ತಿರಬೇಕು. ನೀರಿನಂತೆ ಹರಿದರೆ ಮಂಡಲದ ವಿಷ ರಕ್ತ ಹೆಪ್ಪುಗಟ್ಟುವ ಶಕ್ತಿಯನ್ನೇ ತಿಂದುಹಾಕಿದೆ ಅಂತ ಅರ್ಥ, ತಕ್ಷಣ ಮದ್ದು ಶುರುವಾಗಬೇಕು. ಮೊದಲ ಡೋಸೇ ಸಾಮಾನ್ಯವಾಗಿ 8ರಿಂದ 10 ವಯಲ್, ಅಂದರೆ ಮದ್ದಿನ ಸಣ್ಣ ಬಾಟಲಿ. ಮಗುವಿಗೂ ಅಷ್ಟೇ, ದೊಡ್ಡವರಿಗೂ ಅಷ್ಟೇ. ಹಾವು ಕಚ್ಚುವಾಗ ಎದುರಿಗಿರುವುದು ಮಗು ಅಂತ ವಿಷ ಕಡಿಮೆ ಬಿಡುವುದಿಲ್ಲ ಅಲ್ವಾ!

ಈ ಮದ್ದು ಪಿಎಚ್‌ಸಿಗಳಲ್ಲೂ ಇಟ್ಟಿರುತ್ತಾರೆ. ಆದರೆ ಅದು ಕೆಲವರಿಗೆ ಒಗ್ಗುವುದಿಲ್ಲ. ಮೈಯೆಲ್ಲ ದದ್ದು ಎದ್ದು, ಬಿಪಿ ಕುಸಿದು, ಉಸಿರು ಕಟ್ಟಬಹುದು. ಆಗ ಅಡ್ರಿನಲಿನ್ ಕೊಡಲು ಪಕ್ಕದಲ್ಲೇ ಡಾಕ್ಟರು ಇರಬೇಕು. ಒಂಟಿ ಡಾಕ್ಟರಿರುವ ಸಣ್ಣ ಕೇಂದ್ರದಲ್ಲಿ ಈ ಭಯಕ್ಕೇ ಒಂದು ಡೋಸೂ ಕೊಡದೆ "ಮುಂದೆ ಹೋಗಿ" ಅಂದುಬಿಡುವುದುಂಟು. ದಾರಿಯಲ್ಲಿ ಹೋಗುವ ಒಂದೂವರೆ ಗಂಟೆಯಲ್ಲಿ ವಿಷ ತನ್ನ ಕೆಲಸ ಮಾಡುತ್ತಲೇ ಇರುತ್ತದೆ. ಹಗಲು ರಾತ್ರಿ ಡಾಕ್ಟರು, ನರ್ಸು, ಆಕ್ಸಿಜನ್ ಇರುವ 30 ಹಾಸಿಗೆಯ ಆಸ್ಪತ್ರೆ ಅರ್ಧ ಗಂಟೆಯ ದೂರದಲ್ಲಿ ಇರಬೇಕು ಅನ್ನೋದು ಇದಕ್ಕೇ.

ಮೊದಲ ಡೋಸ್ ಕೊಟ್ಟ ಮೇಲೆ ಉಳಿದ ಹಂತಗಳ ಪಾತ್ರ ಬರುತ್ತದೆ. ಕೊಳಕುಮಂಡಲದ ವಿಷದಿಂದ ಕಿಡ್ನಿ ಕೆಟ್ಟರೆ ಡಯಾಲಿಸಿಸ್ ಬೇಕು, ಅದು ತಾಲ್ಲೂಕು ಆಸ್ಪತ್ರೆಯಲ್ಲಿ ಸಿಗುತ್ತದೆ. ಕಟ್ಟುಹಾವಿನ ವಿಷದಿಂದ ಉಸಿರಾಟ ನಿಂತರೆ ವೆಂಟಿಲೇಟರ್ ಬೇಕು, ಅದಕ್ಕೆ ಸಾಮಾನ್ಯವಾಗಿ ಜಿಲ್ಲಾಸ್ಪತ್ರೆಯೇ ಗತಿ. ಅಲ್ಲಿಗೆ ತಲುಪುವ ತನಕ ಅಂಬ್ಯುಲೆನ್ಸಿನಲ್ಲಿ ಒಬ್ಬರು ಕೈಯಿಂದ ಬ್ಯಾಗ್ ಒತ್ತುತ್ತಾ ಉಸಿರು ಕೊಡುತ್ತಿರಬೇಕು. ಒಬ್ಬನೇ ರೋಗಿ, ಮೂರು ಆಸ್ಪತ್ರೆ, ಮೂರು ಬೇರೆ ಬೇರೆ ಕೆಲಸ. ಮೊದಲನೆಯದು ಸರಿಯಾಗಿ ಆಗದಿದ್ದರೆ ಉಳಿದ ಎರಡು ಎಷ್ಟೇ ಚೆನ್ನಾಗಿದ್ದರೂ ತಡವಾಗಿಬಿಡುತ್ತದೆ. 2024ರಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣ ಅಂತ ಘೋಷಿಸಿತು. ಎಲ್ಲಿ ಎಷ್ಟು ಜನಕ್ಕೆ ಕಚ್ಚುತ್ತಿದೆ ಅಂತ ಗೊತ್ತಾದರೆ ತಾನೇ ಎಲ್ಲಿ ಎಷ್ಟು ವಯಲ್ ಇಡಬೇಕು ಅಂತ ಗೊತ್ತಾಗುವುದು. ನನ್ನ ಪ್ರಕಾರ ಇದು ತುಂಬಾ ಒಳ್ಳೆಯ ತೀರ್ಮಾನ.

ರಾತ್ರಿ ಮೂರು ಗಂಟೆಯ ಸಿಸೇರಿಯನ್

ಹೆರಿಗೆಯದ್ದು ಇನ್ನೂ ಸೂಕ್ಷ್ಮ. ಬಸುರಿಗೆ ತಾಯಿ ಕಾರ್ಡ್ ಕೊಡುವುದು, ತೂಕ, ಬಿಪಿ, ರಕ್ತದ ಪರೀಕ್ಷೆ ಮಾಡುವುದು ಎಲ್ಲ ಉಪಕೇಂದ್ರದಲ್ಲೇ ಆಗುತ್ತದೆ. ಮೊದಲ ಹೆರಿಗೆ ಸಿಸೇರಿಯನ್ ಆಗಿದ್ದರೆ, ಬಿಪಿ ಜಾಸ್ತಿ ಇದ್ದರೆ, ರಕ್ತ ತೀರಾ ಕಡಿಮೆ ಇದ್ದರೆ ಅಂಥವರನ್ನು ಮೊದಲೇ ಗುರುತಿಸಿ ಮೇಲಿನ ಆಸ್ಪತ್ರೆಗೆ ತೋರಿಸಬೇಕು. 2016ರಿಂದ ಪ್ರತಿ ತಿಂಗಳ 9ನೇ ತಾರೀಖು ಸರ್ಕಾರಿ ಆಸ್ಪತ್ರೆಗಳಲ್ಲಿ ಬಸುರಿಯರಿಗೆ ಉಚಿತ ವಿಶೇಷ ತಪಾಸಣೆ ಇರುವುದು ಇದಕ್ಕಾಗಿ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ಹೆಂಗಸರಲ್ಲಿ ಸುಮಾರು ಅರ್ಧದಷ್ಟು ಜನಕ್ಕೆ ರಕ್ತಹೀನತೆ ಇದೆ. ಹಾಗಾಗಿ ಮೊದಲೇ ನೋಡಿಕೊಳ್ಳುವುದು ಸಣ್ಣ ಮಾತಲ್ಲ.

ಆದರೆ ಎಲ್ಲವೂ ಸರಿಯಿದ್ದ ಹೆಂಗಸಿಗೂ ಹೆರಿಗೆ ಹೊತ್ತಿನಲ್ಲಿ ಇದ್ದಕ್ಕಿದ್ದಂತೆ ತೊಂದರೆ ಬರಬಹುದು. ಮಗುವಿನ ಎದೆಬಡಿತ ಇಳಿಯಬಹುದು. ಹೆರಿಗೆ ಆದ ಮೇಲೆ ರಕ್ತ ನಿಲ್ಲದೆ ಹೋಗಬಹುದು. ಅಂಥ ರಾತ್ರಿ ಒಂದು ಸಿಸೇರಿಯನ್ ಆಗಬೇಕಾದರೆ ಸ್ತ್ರೀರೋಗ ತಜ್ಞರು, ಅರಿವಳಿಕೆ ತಜ್ಞರು, ಮಕ್ಕಳ ತಜ್ಞರು ಮೂವರೂ ಒಂದೇ ಹೊತ್ತಿಗೆ ಅಲ್ಲಿರಬೇಕು. ಜೊತೆಗೆ ಥಿಯೇಟರ್ ನರ್ಸು, ಮತ್ತು ರಕ್ತ. ಸಿಎಚ್‌ಸಿಯಲ್ಲಿ ಪೂರ್ತಿ ರಕ್ತನಿಧಿ ಇರಬೇಕಿಲ್ಲ. ದೊಡ್ಡ ರಕ್ತನಿಧಿಯಿಂದ ತಂದ ರಕ್ತವನ್ನು ತಂಪಾಗಿ ಇಡುವ ರಕ್ತ ಶೇಖರಣಾ ಘಟಕ ಇದ್ದರೆ ಸಾಕು. ಅದು ಒಂದು ವಿಶೇಷ ಫ್ರಿಡ್ಜು, ಅದನ್ನು ನೋಡಿಕೊಳ್ಳಲು ತರಬೇತಾದ ಟೆಕ್ನಿಷಿಯನ್, ಮತ್ತು ಕೆಡದ ಕರೆಂಟು.

ಸಿಸೇರಿಯನ್, ನವಜಾತ ಶಿಶುವಿನ ಆರೈಕೆ, ರಕ್ತ ಈ ಮೂರೂ ಹಗಲು ರಾತ್ರಿ ಸಿಗುವ ಆಸ್ಪತ್ರೆಗೆ ಇಲಾಖೆಯವರು ಪ್ರಥಮ ರೆಫರಲ್ ಘಟಕ ಅನ್ನುತ್ತಾರೆ. ಬೋರ್ಡಿನಲ್ಲಿ ಸಮುದಾಯ ಆರೋಗ್ಯ ಕೇಂದ್ರ ಅಂತಿದ್ದ ಮಾತ್ರಕ್ಕೆ ಅದು ಪ್ರಥಮ ರೆಫರಲ್ ಘಟಕ ಆಗಿರುವುದಿಲ್ಲ. ಈ ಒಂದು ವ್ಯತ್ಯಾಸ ಜನಕ್ಕೆ ಗೊತ್ತಿದ್ದರೆ ಎಷ್ಟೋ ಅಲೆದಾಟ ತಪ್ಪುತ್ತದೆ.

ಈಗ ಒಂದು ಸಣ್ಣ ಲೆಕ್ಕ ಮಾಡಿ. ವಾರಕ್ಕೆ 168 ಗಂಟೆ. ಒಬ್ಬ ಡಾಕ್ಟರು ವಾರಕ್ಕೆ 48 ಗಂಟೆ ಕೆಲಸ ಮಾಡಿದರೂ 168 ಗಂಟೆ ತುಂಬಲು ಮೂರೂವರೆ ಜನ ಬೇಕು. ಸಿಎಚ್‌ಸಿಗೆ ಮಂಜೂರಾಗಿರುವುದು ಸಾಮಾನ್ಯವಾಗಿ ಒಬ್ಬೊಬ್ಬರೇ ತಜ್ಞರು. ಆ ಒಬ್ಬರು ಎಷ್ಟೇ ಒಳ್ಳೆಯವರಾಗಿರಲಿ, ರಾತ್ರಿ ಹಗಲು ಅವರೊಬ್ಬರೇ ನಿಲ್ಲಲು ಆಗುವುದಿಲ್ಲ. ಇನ್ನೂ ಬೇಸರದ ವಿಷಯ ಅಂದರೆ, ಒಂದು ಕಡೆ ಸ್ತ್ರೀರೋಗ ತಜ್ಞರಿದ್ದು ಅರಿವಳಿಕೆಯವರು ಇರುವುದಿಲ್ಲ, ಪಕ್ಕದ ಹೋಬಳಿಯಲ್ಲಿ ಅರಿವಳಿಕೆಯವರಿದ್ದು ಸ್ತ್ರೀರೋಗ ತಜ್ಞರು ಇರುವುದಿಲ್ಲ. ಇಬ್ಬರಿಗೂ ಸಂಬಳ ಆಗುತ್ತಿರುತ್ತದೆ, ಎರಡು ಕಡೆಯೂ ಆಪರೇಷನ್ ಆಗುವುದಿಲ್ಲ. ಈ ಕೊರತೆ ತುಂಬಲು ಎಂಬಿಬಿಎಸ್ ಡಾಕ್ಟರುಗಳಿಗೆ 18 ವಾರಗಳ ಅರಿವಳಿಕೆ ತರಬೇತಿ ಕೊಡುವ ಕಾರ್ಯಕ್ರಮವೂ ಬಂತು. ತರಬೇತಿ ಪಡೆದವರನ್ನು ಅದೇ ಕೆಲಸಕ್ಕೆ ಹಾಕಿದ ಕಡೆ ಅದರಿಂದ ಉಪಯೋಗ ಆಗುತ್ತದೆ. ಬೇರೆ ಕಡೆಗೆ ವರ್ಗ ಮಾಡಿದರೆ ಕಲಿತದ್ದು ವ್ಯರ್ಥ.

ಕರ್ನಾಟಕದ ವಿಚಿತ್ರ ಲೆಕ್ಕ

2022ರ ಮಾರ್ಚ್ ಕೊನೆಯ ಹೊತ್ತಿಗೆ ದೇಶದ ಗ್ರಾಮೀಣ ಸಿಎಚ್‌ಸಿಗಳಿಗೆ ಬೇಕಾದ ತಜ್ಞರಲ್ಲಿ ಸುಮಾರು ಶೇ 80ರಷ್ಟು ಕೊರತೆ ಇತ್ತು ಅಂತ ಕೇಂದ್ರ ಆರೋಗ್ಯ ಸಚಿವಾಲಯದ ಅಂಕಿಅಂಶವೇ ಹೇಳುತ್ತದೆ. ಅಂದರೆ ಐದು ಕುರ್ಚಿಯಲ್ಲಿ ನಾಲ್ಕು ಖಾಲಿ. ಸರ್ಜನ್‌ಗಳ ಕೊರತೆ ಇನ್ನೂ ಜಾಸ್ತಿ, ಶೇ 83.

ಕರ್ನಾಟಕದ್ದು ಇದರ ಜೊತೆಗೆ ಬೇರೆಯೇ ಒಂದು ಕಥೆ. 2011ರ ಜನಗಣತಿಯಂತೆ ನಮ್ಮ ಹಳ್ಳಿಗಳ ಜನಸಂಖ್ಯೆ ಸುಮಾರು ಮೂರೂಮುಕ್ಕಾಲು ಕೋಟಿ. 30,000ಕ್ಕೆ ಒಂದರಂತೆ ಲೆಕ್ಕ ಹಾಕಿದರೆ 1,250 ಪಿಎಚ್‌ಸಿ ಸಾಕು. ಆದರೆ ರಾಜ್ಯದಲ್ಲಿ 2,000ಕ್ಕಿಂತ ಜಾಸ್ತಿ ಇವೆ. ಮಲೆನಾಡಿನ ಲೆಕ್ಕ ಬೇರೆ ಅಂತ ಬಿಟ್ಟರೂ ಪಿಎಚ್‌ಸಿಗಳಿಗೆ ಬರ ಇಲ್ಲ. ಅದೇ 1,20,000ಕ್ಕೆ ಒಂದರಂತೆ ಸಿಎಚ್‌ಸಿ ಲೆಕ್ಕ ಹಾಕಿದರೆ 300ಕ್ಕೂ ಮೇಲೆ ಬೇಕು. ಇರುವುದು ಸುಮಾರು 200. ನಾಲ್ಕು ಪಿಎಚ್‌ಸಿಗೆ ಒಂದು ಸಿಎಚ್‌ಸಿ ಇರಬೇಕಾದ ಕಡೆ ಹತ್ತು ಪಿಎಚ್‌ಸಿಗೆ ಒಂದು ಆಗಿದೆ. ಕೆಳಗೆ ಅಗಲ, ಮೇಲೆಯೂ ಪರವಾಗಿಲ್ಲ, ನಡು ಮಾತ್ರ ಸಣ್ಣ.

ಇದಕ್ಕೆ ಕಾರಣವೂ ಇದೆ. 1996ರಲ್ಲಿ ವಿಶ್ವಬ್ಯಾಂಕ್ ನೆರವಿನ ಯೋಜನೆಯೊಂದು ಶುರುವಾದಾಗ ರಾಜ್ಯ ತನ್ನ ಎರಡನೇ ಹಂತದ ಆಸ್ಪತ್ರೆಗಳಿಗೆ, ಅದರಲ್ಲೂ ತಾಲ್ಲೂಕು ಆಸ್ಪತ್ರೆಗಳಿಗೆ, ಹೊಸ ಕಟ್ಟಡ, ಯಂತ್ರ ಕೊಟ್ಟು ಬಲಪಡಿಸಿತು. ಈಗ ಹೆಚ್ಚುಕಮ್ಮಿ ನೂರೈವತ್ತು ತಾಲ್ಲೂಕು ಆಸ್ಪತ್ರೆಗಳಿವೆ. ಬೇರೆ ರಾಜ್ಯಗಳಲ್ಲಿ ಸಿಎಚ್‌ಸಿ ಮಾಡುವ ಕೆಲಸವನ್ನು ನಮ್ಮಲ್ಲಿ ಬಹಳ ಕಡೆ ತಾಲ್ಲೂಕು ಆಸ್ಪತ್ರೆ ಮಾಡುತ್ತಿದೆ. 2023ರಲ್ಲಿ ಶುರುವಾದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯೂ ಇಲ್ಲಿಂದಲೇ ಹೊರಟಿದ್ದು. ಎದೆನೋವು ಅಂತ ಬಂದವರ ಇಸಿಜಿ ತೆಗೆದು, ಅದನ್ನು ದೂರದ ಜಯದೇವದಂಥ ಕಡೆಯ ತಜ್ಞರು ನೋಡಿ, ಹೃದಯಾಘಾತ ಅಂತ ಖಚಿತವಾದರೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಚುಚ್ಚುಮದ್ದನ್ನು ಅಲ್ಲೇ ಉಚಿತವಾಗಿ ಕೊಡುತ್ತಾರೆ. ತಜ್ಞರೇ ಬಂದು ಕೂರಬೇಕಿಲ್ಲ, ಅವರ ಕಣ್ಣು ಬಂದರೆ ಸಾಕು. ಈ ವ್ಯವಸ್ಥೆ ದೂರದ ಹೋಬಳಿ ಆಸ್ಪತ್ರೆಗಳಿಗೆ ಸಿಕ್ಕಷ್ಟೂ ಜೀವ ಉಳಿಯುತ್ತದೆ.

ಹಾಗಾದರೆ ಇನ್ನೂ ನೂರು ಸಿಎಚ್‌ಸಿ ಕಟ್ಟಿಬಿಡಬೇಕಾ? ನನಗೆ ಹಾಗನ್ನಿಸುವುದಿಲ್ಲ. ಪಿಎಚ್‌ಸಿಯ ಬೋರ್ಡು ಬದಲಾಯಿಸಿ ಸಿಎಚ್‌ಸಿ ಅಂತ ಬರೆಯುವುದು ಸುಲಭ, ಐದು ಜನ ತಜ್ಞರನ್ನು ತಂದು ಕೂರಿಸುವುದು ಕಷ್ಟ. ತಾಲ್ಲೂಕು ಆಸ್ಪತ್ರೆಯಿಂದ ಹತ್ತು ಕಿಲೋಮೀಟರ್ ದೂರದಲ್ಲಿ, ಒಳ್ಳೆಯ ರಸ್ತೆಯ ಮೇಲೆ ಇರುವ ಸಿಎಚ್‌ಸಿಯಲ್ಲಿ ಒಂಟಿ ಸ್ತ್ರೀರೋಗ ತಜ್ಞರನ್ನು ಇಟ್ಟುಕೊಳ್ಳುವುದಕ್ಕಿಂತ ಅವರನ್ನು ತಾಲ್ಲೂಕು ಆಸ್ಪತ್ರೆಗೆ ಕೊಟ್ಟು ಅಲ್ಲಿ ರಾತ್ರಿ ಪಾಳಿ ಗಟ್ಟಿ ಮಾಡುವುದು ಮೇಲು. ಅಂಥ ಸಿಎಚ್‌ಸಿ ಸಹಜ ಹೆರಿಗೆ, ಜ್ವರ, ಬಿಪಿ-ಶುಗರ್, ಟಿಬಿ ಚಿಕಿತ್ಸೆಯನ್ನು ಚೆನ್ನಾಗಿ ಮಾಡಲಿ. ಆದರೆ ಕಾಡಂಚಿನ ಹೋಬಳಿ, ಘಟ್ಟದ ದಾರಿ, ಮಳೆಗಾಲದಲ್ಲಿ ಮುಳುಗುವ ಸೇತುವೆ ಇರುವ ಕಡೆ ಅದೇ ಸೂತ್ರ ಹಾಕಬಾರದು. ಅಲ್ಲಿ ಹೆರಿಗೆಯ ಸಂಖ್ಯೆ ಕಡಿಮೆ ಅಂತ ತಜ್ಞರನ್ನು ಎತ್ತಿಕೊಂಡು ಹೋದರೆ ಆ ಕಡಿಮೆ ಸಂಖ್ಯೆಯ ಹೆಂಗಸರಿಗೆ ಬೇರೆ ದಾರಿಯೇ ಇರುವುದಿಲ್ಲ.

ತಜ್ಞರು ಹೋಬಳಿಗೆ ಯಾಕೆ ಬರುವುದಿಲ್ಲ ಅನ್ನುವುದಕ್ಕೆ "ಹಣದಾಸೆ" ಅಂದುಬಿಡುವುದು ಸುಲಭ. ಸಂಬಳದ ಮಾತು ಇದ್ದೇ ಇದೆ. ಅದರ ಜೊತೆಗೆ ಇರಲು ಕ್ವಾರ್ಟರ್ಸ್ ಸರಿ ಇರುವುದಿಲ್ಲ, ಮಕ್ಕಳ ಶಾಲೆ ದೂರ, ಗಂಡ ಅಥವಾ ಹೆಂಡತಿಯ ಕೆಲಸ ಬೇರೆ ಊರಿನಲ್ಲಿ. ರಾತ್ರಿ ಏನಾದರೂ ಎಡವಟ್ಟಾದರೆ ಜನರ ಸಿಟ್ಟನ್ನು ಒಬ್ಬರೇ ಎದುರಿಸಬೇಕು. ವೈದ್ಯಕೀಯ ಓದು ಮುಗಿಸಿದವರಿಗೆ ಕಡ್ಡಾಯ ಸೇವೆಯ ಕಾಯ್ದೆಯನ್ನು ರಾಜ್ಯ 2012ರಲ್ಲೇ ತಂದಿದೆ. ಅದರಿಂದ ಒಂದು ವರ್ಷಕ್ಕೆ ಡಾಕ್ಟರು ಸಿಗುತ್ತಾರೆ. ಆದರೆ ಊರಿನವರನ್ನು ಹೆಸರು ಹಿಡಿದು ಕರೆಯುವಷ್ಟು ಪರಿಚಯ ಆಗುವ ಹೊತ್ತಿಗೆ ಅವರು ಹೊರಟಿರುತ್ತಾರೆ. ಈ ಆಸ್ಪತ್ರೆಗಳು ನಿಂತಿರುವುದು ನಿಜವಾಗಿ ಹತ್ತು ಹದಿನೈದು ವರ್ಷ ಒಂದೇ ಕಡೆ ಇರುವ ಸಿಸ್ಟರ್‌ಗಳ ಮೇಲೆ. ಅವರ ಬಗ್ಗೆ ನಾವು ಮಾತಾಡುವುದು ಕಮ್ಮಿ.

ಮೇಲಿಂದ ಕೆಳಗೆ ಬರುವ ದಾರಿ

ರೆಫರಲ್ ಅಂದರೆ ಮೇಲಕ್ಕೆ ಕಳಿಸುವುದು ಅಂತ ಮಾತ್ರ ಎಲ್ಲರೂ ತಿಳಿದಿದ್ದಾರೆ. ವಾಪಸ್ ಬರುವ ದಾರಿಯೂ ಅಷ್ಟೇ ಮುಖ್ಯ. ಜಿಲ್ಲಾಸ್ಪತ್ರೆಯಲ್ಲಿ ಸ್ಟ್ರೋಕ್‌ಗೆ ಚಿಕಿತ್ಸೆ ಆದವರು ತಿಂಗಳು ತಿಂಗಳು ಬಿಪಿ ಮಾತ್ರೆಗೆ ಎಂಬತ್ತು ಕಿಲೋಮೀಟರ್ ಹೋಗಬೇಕಾ? ಬಸ್ ಚಾರ್ಜು, ಒಂದು ದಿನದ ಕೂಲಿ, ಜೊತೆಗೆ ಬರುವವರ ಕೂಲಿ ಎಲ್ಲ ಸೇರಿದರೆ ಉಚಿತ ಮಾತ್ರೆಯೂ ದುಬಾರಿ. ಎರಡು ಸಲ ಹೋಗಿ ಮೂರನೇ ಸಲಕ್ಕೆ ಬಿಟ್ಟುಬಿಡುತ್ತಾರೆ, ಮತ್ತೆ ಸ್ಟ್ರೋಕ್ ಆಗುತ್ತದೆ. ಸಿಎಚ್‌ಸಿಗಳಲ್ಲಿ ಬಿಪಿ, ಶುಗರ್‌ಗೆ ಅಂತಲೇ ಪ್ರತ್ಯೇಕ ಕ್ಲಿನಿಕ್ ಇರುವುದು ಇದಕ್ಕೆ. ಡಿಸ್ಚಾರ್ಜ್ ಆಗುವಾಗ "ಮುಂದಿನ ತಪಾಸಣೆ ಎಲ್ಲಿ, ಮಾತ್ರೆ ಹತ್ತಿರದಲ್ಲಿ ಎಲ್ಲಿ ಸಿಗುತ್ತೆ" ಅಂತ ಕೇಳಿ ಬರೆಸಿಕೊಳ್ಳಿ. ಹುಟ್ಟಿದ ಮಕ್ಕಳ ವಿಷಯದಲ್ಲೂ ಇದೇ ಕ್ರಮ. ತೀರಾ ಕಷ್ಟದ ಶಿಶುಗಳಿಗೆ ಜಿಲ್ಲಾಸ್ಪತ್ರೆಯ ವಿಶೇಷ ಘಟಕ ಇದೆ. ಸ್ವಲ್ಪ ಸುಧಾರಿಸಬೇಕಾದ ಶಿಶುಗಳನ್ನು ನೋಡಿಕೊಳ್ಳಲು ಸಿಎಚ್‌ಸಿ ಮಟ್ಟದಲ್ಲೇ ನಾಲ್ಕು ಹಾಸಿಗೆಯ ಚಿಕ್ಕ ಘಟಕ ಇರಬೇಕು ಅಂತ ನಿಯಮ.

ದುಡ್ಡಿನ ವಿಷಯದಲ್ಲೂ ಈ ಸರಪಳಿಗೆ ಬೆಲೆ ಇದೆ. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿ ತನಕ ಚಿಕಿತ್ಸೆ ಉಚಿತ. ಎಪಿಎಲ್ ಕುಟುಂಬಕ್ಕೆ ಪ್ಯಾಕೇಜ್ ದರದ ಶೇ 30ರಷ್ಟನ್ನು ಸರ್ಕಾರ ಕೊಡುತ್ತದೆ, ವರ್ಷಕ್ಕೆ 1.5 ಲಕ್ಷದ ತನಕ. ತುರ್ತಲ್ಲದ ದೊಡ್ಡ ಚಿಕಿತ್ಸೆಗೆ ಖಾಸಗಿ ಆಸ್ಪತ್ರೆಗೆ ಹೋಗುವುದಾದರೆ ಸರ್ಕಾರಿ ಆಸ್ಪತ್ರೆಯ ರೆಫರಲ್ ಚೀಟಿ ಬೇಕಾಗುತ್ತದೆ. ತುರ್ತು ಪ್ರಕರಣಕ್ಕೆ ಬೇಡ. ಇದು ಗೊತ್ತಿಲ್ಲದೆ ಮೊದಲು ಖಾಸಗಿಗೆ ಸೇರಿ, ಆಮೇಲೆ ಚೀಟಿಗೆ ಓಡಾಡಿ, ಕೊನೆಗೆ ಕೈಯಿಂದ ದುಡ್ಡು ಕಟ್ಟುವವರಿದ್ದಾರೆ.

ಒಳ್ಳೆಯ ರೆಫರಲ್ ಚೀಟಿ ಹೇಗಿರುತ್ತದೆ ಅಂತಲೂ ತಿಳಿದಿರಲಿ. ರೋಗಿ ಎಷ್ಟು ಹೊತ್ತಿಗೆ ಬಂದರು, ಆಗ ಬಿಪಿ ಎಷ್ಟಿತ್ತು, ಯಾವ ಚುಚ್ಚುಮದ್ದು ಎಷ್ಟು ಗಂಟೆಗೆ ಕೊಟ್ಟರು, ಯಾಕೆ ಕಳಿಸುತ್ತಿದ್ದಾರೆ ಅನ್ನೋದೆಲ್ಲ ಅದರಲ್ಲಿರಬೇಕು. "ಹೆಚ್ಚಿನ ಚಿಕಿತ್ಸೆಗಾಗಿ" ಅಂತ ಸುಮ್ನೆ ಒಂದೇ ಸಾಲು ಬರೆದಿದ್ದರೆ ಮೇಲಿನ ಆಸ್ಪತ್ರೆಯವರು ಎಲ್ಲವನ್ನೂ ಮೊದಲಿನಿಂದ ಶುರು ಮಾಡಬೇಕಾಗುತ್ತದೆ. ಕಳಿಸುವ ಮೊದಲು ಅಲ್ಲಿಗೆ ಒಂದು ಫೋನ್ ಮಾಡಿ, ಹಾಸಿಗೆ ಇದೆಯಾ, ತಜ್ಞರಿದ್ದಾರಾ ಅಂತ ಕೇಳಲು ಸಿಸ್ಟರ್‌ಗೋ ಡಾಕ್ಟರಿಗೋ ಹೇಳಿ. ಸಾಗಿಸಲು 108 ಇದೆ. ಹೆರಿಗೆ ಆಗಿ ಮನೆಗೆ ಬಿಡಲು ನಗು-ಮಗು ವಾಹನ ಇದೆ.

ಇನ್ನು ನಿಮ್ಮ ಹೋಬಳಿಯ ಸಿಎಚ್‌ಸಿಯಲ್ಲಿ ಏನಿದೆ, ಏನಿಲ್ಲ ಅಂತ ಕಷ್ಟ ಬರುವ ಮೊದಲೇ ಕೇಳಿ ಇಟ್ಟುಕೊಳ್ಳಿ. ರಾತ್ರಿ ಸಿಸೇರಿಯನ್ ಆಗುತ್ತಾ? ಅರಿವಳಿಕೆ ತಜ್ಞರು ವಾರದಲ್ಲಿ ಯಾವ ದಿನ ಇರುತ್ತಾರೆ? ರಕ್ತದ ಫ್ರಿಡ್ಜ್ ಕೆಲಸ ಮಾಡುತ್ತಿದೆಯಾ? ಹಾವಿನ ಮದ್ದು ಎಷ್ಟು ವಯಲ್ ಇದೆ? ಇದನ್ನೆಲ್ಲ ಆಶಾ ಕಾರ್ಯಕರ್ತೆಯನ್ನು ಕೇಳಬಹುದು, ಆಸ್ಪತ್ರೆಯ ಆಡಳಿತ ವೈದ್ಯಾಧಿಕಾರಿಯನ್ನೂ ಕೇಳಬಹುದು. ಪ್ರತಿ ಸಿಎಚ್‌ಸಿಗೂ ಒಂದು ಆರೋಗ್ಯ ರಕ್ಷಾ ಸಮಿತಿ ಇರುತ್ತದೆ, ಅದರಲ್ಲಿ ಊರಿನ ಪ್ರತಿನಿಧಿಗಳೂ ಇರುತ್ತಾರೆ. ಸಣ್ಣಪುಟ್ಟ ರಿಪೇರಿ, ತುರ್ತು ಖರೀದಿಗೆ ಅಂತ ಸಮಿತಿಯ ಕೈಯಲ್ಲಿ ಒಂದಿಷ್ಟು ಹಣವೂ ಇರುತ್ತದೆ. ಕೆಟ್ಟ ಜನರೇಟರ್, ಸೋರುವ ಲೇಬರ್ ರೂಮು, ಒಡೆದ ಕ್ವಾರ್ಟರ್ಸ್ ಕಿಟಕಿ ಇಂಥವಕ್ಕೆ ಬೆಂಗಳೂರಿನ ಆದೇಶ ಕಾಯಬೇಕಿಲ್ಲ, ಆ ಸಮಿತಿಯ ಸಭೆಯಲ್ಲೇ ತೀರ್ಮಾನ ಆಗಬಹುದು.